ವ್ಯಾನ್9001: ಹಳೇ ಪಿಸಿಯಲ್ಲಿ ವ್ಯಾಲೊರಂಟ್ ಎಬ್ಬಿಸುವ ಕೆಲಸ, ಈವರೆಗೆ

ಪಿಸಿ: ರೈಜನ್ 5 2600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1060, 480 ಜಿಬಿ ಎಸ್‌ಎಸ್‌ಡಿ. ಸೆಟಪ್‌ನ ತಪಾಸಣೆ ತಪ್ಪಿಸಿ ವಿಂಡೋಸ್ 10ರಿಂದ 11ಕ್ಕೆ ಏರಿಸಿದ್ದು. ತೊಂದರೆಯ ಬೇರು ಅಲ್ಲೇ ಇದೆ.

ಮೊದಲ ದಿನ

ವ್ಯಾಲೊರಂಟ್ ಗೇಮ್‌ನಲ್ಲಿ ಪ್ಲೇ ಒತ್ತಿದರೆ ವ್ಯಾನ್9001 ಎಂಬ ಎರರ್ ಕೋಡ್, ಗೇಮ್ ತೆರೆಯದು. ಗೇಮ್ ಅಳಿಸಿ ಮತ್ತೆ ಹಾಕಿದರೆ ಡೇಟಾ ದಂಡ ಅಷ್ಟೇ. ಈ ಕೋಡ್ ಕೊಡುವುದು ವ್ಯಾಂಗಾರ್ಡ್, ಗೇಮ್‌ನಲ್ಲಿ ಮೋಸ ತಡೆಯುವ ತಂತ್ರಾಂಶ. ಅದರ ಕರ್ನಲ್ ಡ್ರೈವರ್ (ವಿಂಡೋಸ್‌ನ ಒಳಪದರದಲ್ಲಿ ಓಡುವ ಭಾಗ) ಗೇಮ್ ಜೊತೆ ಏಳುವುದಲ್ಲ, ವಿಂಡೋಸ್ ಬೂಟ್ ಆಗುವಾಗಲೇ ಏಳುತ್ತದೆ. 2021ರಿಂದ ವಿಂಡೋಸ್ 11ರಲ್ಲಿ ಅದಕ್ಕೆ ಟಿಪಿಎಂ 2.0 (ಕೀಲಿಗಳನ್ನು ಭದ್ರವಾಗಿಡುವ ಘಟಕ) ಮತ್ತು ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ಕಾವಲು) ಎರಡೂ ಆನ್ ಇರಬೇಕು.

ಸಿಸ್ಟಂ ಮಾಹಿತಿ ತೋರಿಸುವ ಎಂಎಸ್‌ಇನ್ಫೋ32 ತೆರೆದರೆ ಬಯೋಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಮೋಡ್ 'ಲೆಗಸಿ', ಅಂದರೆ ಹಳೇ ಬೂಟ್ ವಿಧಾನ, ಸೆಕ್ಯೂರ್ ಬೂಟ್ 'ಅನ್‌ಸಪೋರ್ಟೆಡ್'. ಬೋರ್ಡ್‌ಗೇ ಆ ಸೌಲಭ್ಯವಿಲ್ಲ ಅಂದುಕೊಂಡು ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಲೆಗಸಿಯಲ್ಲಿ ಬೂಟ್ ಆದ ವಿಂಡೋಸ್ ಯಾವ ಬೋರ್ಡ್ ಇದ್ದರೂ ಹೀಗೇ ಹೇಳುತ್ತದೆ.

ಎರಡನೇ ದಿನ

ಮೊದಲು ಬಯೋಸ್ ಅಪ್‌ಡೇಟ್. ರೈಜನ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್‌ನಲ್ಲೇ ಇರುವ ಟಿಪಿಎಂ) ಆನ್ ಮಾಡಿದರೆ ಆಟದ ಮಧ್ಯೆ ಆಗಾಗ ತಡವರಿಸುವ ಕಾಯಿಲೆ ಇತ್ತು. ಅದರ ಪರಿಹಾರ 2022ರ ಅಜೀಸಾ (ಬಯೋಸ್‌ಗಾಗಿ ಎಎಂಡಿ ಕೊಡುವ ಕೋಡ್) 1.2.0.7ರಲ್ಲಿ ಬಂತು. ಅಪ್‌ಡೇಟ್ ಆದರೆ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತವೆ, ಹಾಗಾಗಿ ಇದು ಕೊನೆಗಲ್ಲ, ಮೊದಲಿಗೇ.

ಆಮೇಲೆ ಡಿಸ್ಕ್. ಅದರ ಪಾಲು-ಪಟ್ಟಿ ಹಳೇ ಬಗೆಯ ಎಂಬಿಆರ್. ಸೆಕ್ಯೂರ್ ಬೂಟ್‌ಗೆ ಲೆಗಸಿ ಬಿಟ್ಟು ಹೊಸ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗಬೇಕು, ಅದಕ್ಕೆ ಡಿಸ್ಕ್ ಹೊಸ ಬಗೆಯ ಜಿಪಿಟಿ ಆಗಬೇಕು. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಂಡೋಸ್‌ನದೇ ಉಪಕರಣ ಎಂಬಿಆರ್2ಜಿಪಿಟಿಯನ್ನು ವ್ಯಾಲಿಡೇಟ್ (ಬರೀ ಪರೀಕ್ಷೆ) ಮತ್ತು ಅಲೋಫುಲ್‌ಓಎಸ್ (ಓಡುತ್ತಿರುವ ವಿಂಡೋಸ್‌ನಲ್ಲೇ ನಡೆಸಲು) ಸ್ವಿಚ್ ಹಾಕಿ ಓಡಿಸಿದರೆ 'ಡಿಸ್ಕ್ ಲೇಔಟ್ ವ್ಯಾಲಿಡೇಷನ್ ಫೇಲ್ಡ್'. ಕಾರಣ ನಮ್ಮ ಕಡೆಯ ಅಸೆಂಬಲ್ ಪಿಸಿಗಳಲ್ಲಿ ಮಾಮೂಲಿ: ಸಿ, ಡಿ, ಇ ಎಂದು ಪಾಲು ಮಾಡಿದ್ದು. ಸಿಸ್ಟಂ ರಿಸರ್ವ್ಡ್, ಸಿ, ಡಿ ಮೂರೂ ಪ್ರೈಮರಿ. ನಾಲ್ಕನೆಯ ಇ ಮಾತ್ರ ಎಕ್ಸ್‌ಟೆಂಡೆಡ್ (ಬೇರೆ ಪಾಲುಗಳನ್ನು ಒಳಗಿಟ್ಟುಕೊಳ್ಳುವ ಪಾಲು) ಒಳಗೆ. ಈ ಉಪಕರಣ ಮೂರು ಪ್ರೈಮರಿವರೆಗೆ ಒಪ್ಪುತ್ತದೆ, ಎಕ್ಸ್‌ಟೆಂಡೆಡ್ ಒಂದಿದ್ದರೂ ಒಪ್ಪದು.

ಇ ಡ್ರೈವ್‌ನ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಳಿಸಿದ್ದಾಯಿತು. ವ್ಯಾಲಿಡೇಷನ್ ಮತ್ತೆ ಫೇಲ್! ಇ ಹೋದರೂ ಅದರ ಸುತ್ತಲಿನ ಹಸಿರು ಚೌಕಟ್ಟು ಹಾಗೇ ಇತ್ತು, ಒಳಗೆ 'ಫ್ರೀ ಸ್ಪೇಸ್' ಅಂತ. ಅದೇ ಖಾಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ನೊಮ್ಮೆ ಡಿಲೀಟ್ ಕೊಟ್ಟು, ಪಟ್ಟಿ ಕಪ್ಪಾಗಿ 'ಅನ್‌ಅಲೊಕೇಟೆಡ್' ಆದ ಮೇಲೆ ಪಾಸ್. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇರುವವರು ಮೊದಲು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಬೇರೆಡೆ ಬರೆದಿಟ್ಟುಕೊಳ್ಳಿ.

ವ್ಯಾಲಿಡೇಟ್ ಬದಲು ಕನ್ವರ್ಟ್ ಹಾಕಿ ಓಡಿಸಿದಾಗ ಕೆಲಸ ಮುಗಿಯಿತು, ಕೊನೆಯಲ್ಲಿ ರಿಏಜೆಂಟ್ (ವಿಂಡೋಸ್ ರಿಕವರಿಯ ಸೆಟ್ಟಿಂಗ್ ಫೈಲ್) ಅಪ್‌ಡೇಟ್ ಆಗಲಿಲ್ಲ ಎಂಬ ಗೊಣಗಾಟದೊಂದಿಗೆ. ಬೂಟ್‌ಗೆ ಅದರಿಂದ ಅಡ್ಡಿಯಿಲ್ಲ.

ಇನ್ನು ಲೆಗಸಿಯಲ್ಲಿ ಬೂಟ್ ಆಗದು. ರೀಸ್ಟಾರ್ಟ್ ಆಗುತ್ತಲೇ ಡೆಲ್ ಒತ್ತಿ ಬಯೋಸ್‌ಗೆ ಹೋಗಿ ಸಿಎಸ್‌ಎಂ (ಲೆಗಸಿ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಡಿಸೇಬಲ್, ಬೂಟ್ ಸಾಲಿನ ಮೊದಲಿಗೆ 'ವಿಂಡೋಸ್ ಬೂಟ್ ಮ್ಯಾನೇಜರ್'. ಯುಇಎಫ್‌ಐ ತಿಳಿಯದ ತೀರಾ ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್‌ಎಂ ತೆಗೆದ ಕೂಡಲೇ ಪರದೆ ಕತ್ತಲು. ಕರೆಂಟ್ ತೆಗೆದು ಬೋರ್ಡ್‌ನ ನಾಣ್ಯದಂಥ ಸೆಲ್ ಬಿಚ್ಚಿ ರೀಸೆಟ್ ಮಾಡಬೇಕು. 1060ಕ್ಕೆ ಆ ತಾಪತ್ರಯವಿಲ್ಲ.

ಮೂರನೇ ದಿನ

ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಎಫ್‌ಟಿಪಿಎಂ ಆನ್ (ಇಂಟೆಲ್‌ನಲ್ಲಿ ಇದರ ಹೆಸರು ಪಿಟಿಟಿ). ಟಿಪಿಎಂ.ಎಂಎಸ್‌ಸಿ ತೆರೆದು ಸ್ಪೆಸಿಫಿಕೇಷನ್ ವರ್ಷನ್ 2.0 ಎಂದು ಖಾತ್ರಿ ಮಾಡಿಕೊಂಡ ನಂತರವೇ ಸೆಕ್ಯೂರ್ ಬೂಟ್ ಎನೇಬಲ್. ಆದರೆ ಗೇಮ್ ಈಗ ವ್ಯಾನ್9003 (ಸೆಕ್ಯೂರ್ ಬೂಟ್ ಆನ್ ಇಲ್ಲ ಎಂಬ ಕೋಡ್) ತೋರಿಸಿತು.

ಬಯೋಸ್‌ಗೆ ಮರಳಿ ನೋಡಿದರೆ 'ಎನೇಬಲ್ಡ್' ಕೆಳಗೆ ಸಣ್ಣಕ್ಷರದಲ್ಲಿ 'ನಾಟ್ ಆಕ್ಟಿವ್', ಸಿಸ್ಟಂ ಮೋಡ್ 'ಸೆಟಪ್'. ಬೀಗ ಹಾಕಿದೆ, ಕೀಲಿಗಳೇ ಇಲ್ಲ! ಕೀ ಮ್ಯಾನೇಜ್‌ಮೆಂಟ್‌ಗೆ ಹೋಗಿ ಫ್ಯಾಕ್ಟರಿ ಕೀಗಳನ್ನು ಹಾಕಿದ ಮೇಲೆ ಮೋಡ್ 'ಯೂಸರ್' ಆಯಿತು. ಎಂಎಸ್‌ಇನ್ಫೋ32ರಲ್ಲಿ ಸೆಕ್ಯೂರ್ ಬೂಟ್ 'ಆನ್', ಗೇಮ್ ತೆರೆಯಿತು.

ಬಾಕಿ: ರಿಏಜೆಂಟ್‌ಸಿ ಕಮಾಂಡ್‌ನಿಂದ ವಿಂಡೋಸ್ ರಿಕವರಿಯನ್ನು ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡುವುದು, ಖಾಲಿ ಜಾಗದಲ್ಲಿ ಹೊಸ ಇ ಡ್ರೈವ್ ಮಾಡಿ ಫೈಲ್‌ಗಳನ್ನು ವಾಪಸ್ ಹಾಕುವುದು.