ಅಜ್ಜನ ಹೊಲದ ಮೇಲೆ ಕಯಾಕ್

ಬಾಗಲಕೋಟೆಯಲ್ಲಿ ಸಮುದ್ರದ ಕಯಾಕ್ (ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ನಡೆಸೋದು ಕಲಿತೆ ಅಂದರೆ ಯಾರೂ ನಂಬಲ್ಲ. ಕಲಿಸಿದವರು ಕಾರವಾರದವರು, ಹದಿನೈದು ವರ್ಷ ಕಡಲಲ್ಲಿ ಹುಟ್ಟು ಹಾಕಿದವರು. "ಮೊದಲು ಅಲೆ ಇಲ್ಲದ ಕಡೆ ಬೀಳೋದು ಕಲೀರಿ, ಆಮೇಲೆ ಕಡಲಿಗೆ ಬನ್ನಿ" ಅಂದಿದ್ದರು. ಆ ಕಡೆ ಯಾರನ್ನೋ ನೋಡಲು ಬರುವವರಿದ್ದರು, ಜೀಪಿನ ಮೇಲೆ ಎರಡು ಉದ್ದನೆ ಕಯಾಕ್ ಕಟ್ಟಿಕೊಂಡೇ ಬಂದರು. ನಾನು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದೆ. ನಿದ್ದೆ ಬರಲಿಲ್ಲ, ಅಷ್ಟೇ.

ಡಿಸೆಂಬರಿನ ಬೆಳಗು. ಆಲಮಟ್ಟಿ ಹಿನ್ನೀರು ಕನ್ನಡಿಯ ಹಾಗಿತ್ತು. ಲೈಫ್ ಜಾಕೆಟ್ ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲೆ ಎಳೆದು ನೋಡಿದರು. ಕಿವಿವರೆಗೆ ಬಂದರೆ ಅದು ಸಡಿಲ ಅಂತ. ಆಮೇಲೆ ಕೇಳಿದರು, "ಈ ನೀರಿನ ಕೆಳಗೆ ಏನಿದೆ?"

"ನಮ್ಮಜ್ಜನ ಹೊಲ ಐತ್ರಿ ಸರ."

ಚೇಷ್ಟೆ ಅಂದುಕೊಂಡರು. ಮುಳುಗಡೆ ಕಥೆ ಹೇಳಬೇಕಾಯಿತು. ನಮ್ಮ ಕಡೆ 519.6 ಮೀಟರ್ ಅನ್ನೋ ಅಂಕಿ ಮಕ್ಕಳಿಗೂ ಬಾಯಿಪಾಠ. ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವುದು ಅಲ್ಲಿವರೆಗೆ. 524.256ಕ್ಕೆ ಏರಿಸುವ ಮಾತು ಬಂದಾಗಲೆಲ್ಲ ಇನ್ನಷ್ಟು ಮನೆಗಳಲ್ಲಿ ನಿದ್ದೆ ಕೆಡುತ್ತದೆ. ನಾವು ಮೊದಲೇ, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದವರು.

ಅವರು ಪೂರ್ತಿ ಕೇಳಿಸಿಕೊಂಡರು. "ಮರ ಕಡಿದಿದ್ರಾ?"

"ಬೇವಿನ ಗಿಡ ಒಂದು ಹಂಗ ಬಿಟ್ಟಿದ್ರಂತ. ಬಾವೀನೂ ಇತ್ತು."

"ಹಾಗಾದ್ರೆ ಆ ಕಡೆ ತಲೆಕೆಳಗಾಗೋದು ಬೇಡ ಮಾರಾಯ್ರೆ."

ನನಗೆ ಅದು ಅಜ್ಜನ ಬೇವು. ಅವರಿಗೆ ನೀರೊಳಗಿನ ಕೊಂಬೆ. ಎರಡೂ ಸರಿ ಅಲ್ವಾ? ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರನ್ನು ಕೇಳಿ, ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆ ಅಂತಲೂ ತಿಳಿದುಕೊಂಡರು.

ಇನ್ನು ಬೀಳುವ ಪಾಠ. ಸೊಂಟಕ್ಕೆ ಸ್ಪ್ರೇ ಸ್ಕರ್ಟ್ ಅನ್ನೋ ನೀರು ತಡೆಯುವ ಹೊದಿಕೆ ಹಾಕಿ ಕಯಾಕಿನ ಬಾಯಿಗೆ ಬಿಗಿದರೆ ನೀರು ಒಳಗೆ ಬರಲ್ಲ, ನೀವೂ ಸುಲಭಕ್ಕೆ ಹೊರಗೆ ಬರಲ್ಲ. ಬೇಕಂತಲೇ ಮಗುಚಿದೆ. ಮೂಗಿಗೆ ತಣ್ಣನೆ ನೀರು, ಕಣ್ಣೆದುರು ಬರೀ ಕಂದು ಬಣ್ಣ. ಮುಂದಕ್ಕೆ ಬಾಗಬೇಕು. ಗಾಬರಿಯಾಗಿಲ್ಲ ಅಂತ ತೋರಿಸೋಕೆ ದೋಣಿಯ ಹೊಟ್ಟೆಗೆ ಮೂರು ಸಲ ತಟ್ಟಬೇಕು. ಆಮೇಲೆ ಸ್ಕರ್ಟಿನ ಕುಣಿಕೆ ಮುಂದಕ್ಕೆ ಎಳೆದು, ಎರಡು ಕೈಯಿಂದ ನೂಕಿ ಹೊರಬರಬೇಕು. ಮೊದಲ ಸಲ ತಟ್ಟಿದ್ದು ಒಂದೇ ಸಲ. ಮೂರನೇ ಸಲಕ್ಕೆ ಲೆಕ್ಕ ಸರಿಯಾಯಿತು.

ಹೊರಗೆ ಬಂದವನು ದಂಡೆಯ ಕಡೆ ಈಜತೊಡಗಿದೆ. ಅವರು ಬೈದಿದ್ದು ಅದಕ್ಕೊಂದಕ್ಕೇ. "ದೋಣಿ ಬಿಡಬೇಡಿ! ಕಡಲಲ್ಲಿ ನಿಮ್ಮ ತಲೆ ತೆಂಗಿನಕಾಯಿಯಷ್ಟು ಕಾಣುತ್ತೆ, ದೋಣಿ ದೂರಕ್ಕೂ ಕಾಣುತ್ತೆ." ತಮ್ಮ ದೋಣಿಯನ್ನು ನನ್ನದಕ್ಕೆ ಅಡ್ಡ ತಂದು, ನನ್ನದರ ಮೂತಿ ಎತ್ತಿ ನೀರು ಚೆಲ್ಲಿ, ನನ್ನನ್ನು ಹತ್ತಿಸಿದರು. ದಂಡೆಯಿಂದ ಕಡಲೊಳಕ್ಕೆ ಬೀಸುವ ಗಾಳಿಯನ್ನು ನಂಬಬೇಡಿ ಅಂತಲೂ ಹೇಳಿದರು. ದಡದಲ್ಲಿ ನೀರು ಸುಮ್ನೆ ಮಲಗಿದ ಹಾಗೆ ಕಾಣುತ್ತೆ, ಒಳಗೆ ಹೋದವರನ್ನು ವಾಪಸ್ ಬಿಡಲ್ಲ.

ಕನ್ನಡಕ ಹೋದದ್ದು ಆಗಲೇ ಗೊತ್ತಾಗಿದ್ದು. ಹುಟ್ಟು ಇಳಿಸಿ ನೋಡಿದೆವು, ತಳ ಸಿಗಲಿಲ್ಲ. ಹತ್ತು ರೂಪಾಯಿಯ ದಾರ ಕಟ್ಟಿದ್ದರೆ ಉಳೀತಿತ್ತು. ನೀವಾದರೂ ಕಟ್ಟಿಕೊಳ್ಳಿ.

ಭಾನುವಾರವೂ ಬಿದ್ದಿದ್ದೇ, ಎದ್ದಿದ್ದೇ. ದಂಡೆಯ ಡಬ್ಬಾ ಅಂಗಡಿಯ ಚಹಾ ಬರೀ ಸಕ್ಕರೆ ಪಾಕ. ಮನೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮಾತ್ರ ಕಾರವಾರದವರನ್ನೂ ಗೆದ್ದಿತು.

ಊಟಕ್ಕೆ ಬಡಿಸುತ್ತಾ ಅವ್ವ ಕೇಳಿದಳು, "ಚಾಳೀಸ ಎಲ್ಲಿ ಬಿತ್ತು?"

"ಅಜ್ಜನ ಹೊಲದಾಗ."

"ಬಾವಿ ಕಡೆನೋ, ಬೇವಿನ ಗಿಡದ ಕಡೆನೋ?"