ಬಾಡಿಗೆ ಕರಾರು ಬರೆಯುವವನ ಟೇಬಲ್‌ನಿಂದ ಕಂಡ ಬ್ರೋಕರ್‌ಗಳು

ತುಮಕೂರಿನಲ್ಲಿ ನನ್ನದು ಪತ್ರ ಬರೆಯುವ ಕೆಲಸ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಎಲ್ಲ ಬರೆಯುತ್ತೇನೆ. ಆದರೆ ಅಂಗಡಿ ಬಾಡಿಗೆ ಕಟ್ಟುವಷ್ಟು ದುಡ್ಡು ಹುಟ್ಟುವುದು ಮನೆ ಬಾಡಿಗೆ ಕರಾರುಗಳಿಂದಲೇ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಮಕ್ಕಳಿಗೆ ಮನೆ ಬೇಕು, ವಸಂತನರಸಾಪುರದ ಕಾರ್ಖಾನೆಗಳಿಗೆ ಬಂದವರಿಗೆ ಮನೆ ಬೇಕು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ಸ್ಟೇಷನ್ ಹತ್ತಿರವೇ ಮನೆ ಬೇಕು. ಇವರನ್ನೆಲ್ಲ ಕರೆದುಕೊಂಡು ಬರುವವರು ಬ್ರೋಕರ್‌ಗಳು. ಹೀಗಾಗಿ ಊರಿನ ಬ್ರೋಕರ್‌ಗಳಲ್ಲಿ ಬಹಳ ಜನ ಒಂದಲ್ಲ ಒಂದು ದಿನ ನನ್ನ ಟೇಬಲ್ ಎದುರು ಕೂತವರೇ.

ಮನೆ ತೋರಿಸುವಾಗ ಎಲ್ಲರೂ ಒಳ್ಳೆಯವರೇ. ಕರಾರು ಬರೆಸುವಾಗ ಬಣ್ಣ ಬಯಲಾಗುತ್ತದೆ.

ಬೆಂಗಳೂರಿಗೋ ದುಬೈಗೋ ಹೋಗಿ ನೆಲೆಸಿದ ಮಾಲೀಕರು ಫೋನ್ ಮಾಡಿ, "ಯಾರಾದ್ರೂ ನಂಬಿಕಸ್ಥ ಏಜೆಂಟ್ ಇದ್ರೆ ಹೇಳಿ ಸಾರ್" ಅನ್ನುತ್ತಾರೆ. ನಾನು ಹೆಸರು ಹೇಳುವುದಿಲ್ಲ. ನಾಳೆ ಹೆಚ್ಚುಕಮ್ಮಿ ಆದರೆ ಅವರಿಬ್ಬರ ಜಗಳ ನನ್ನ ಅಂಗಡಿ ಬಾಗಿಲಿಗೆ ಬರುತ್ತದೆ. ಯಾವುದನ್ನು ಗಮನಿಸಬೇಕು ಅಂತ ಮಾತ್ರ ಹೇಳುತ್ತೇನೆ. ಬೋರ್ಡು ಎಷ್ಟು ದೊಡ್ಡದು, ಕಾರು ಯಾವುದು, ಮೊಬೈಲಿನಲ್ಲಿ ಎಷ್ಟು ಮನೆಗಳ ಫೋಟೋ ಇವೆ ಅನ್ನುವುದು ಮುಖ್ಯವಲ್ಲ. ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಮಾಲೀಕರೂ ಬಾಡಿಗೆದಾರರೂ ನೇರವಾಗಿ ಮಾತಾಡುತ್ತಾರಾ, ಇವೆರಡನ್ನು ನೋಡಿ ಸಾಕು.

ಕರಾರಿನಲ್ಲಿ ಇಬ್ಬರ ಫೋನ್ ನಂಬರನ್ನೂ ಬರೆಯುವುದು ನನ್ನ ರೂಢಿ. ಒಳ್ಳೆಯ ಬ್ರೋಕರ್ ಆದರೆ ಆ ಹೊತ್ತಿಗೆ ತಾನೇ ಮಾಲೀಕರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕುತ್ತಾನೆ. "ಅಮ್ಮಾ, ಇವರೇ ನಿಮ್ಮ ಮನೆಗೆ ಬರೋರು, ಮಾತಾಡಿ" ಅನ್ನುತ್ತಾನೆ. ಇನ್ನೊಂದು ಬಗೆಯವನು ಮಾಲೀಕರ ನಂಬರ್ ಜಾಗದಲ್ಲಿ ತನ್ನ ನಂಬರ್ ಹೇಳುತ್ತಾನೆ. ಯಾಕಪ್ಪ ಅಂದರೆ, "ಓನರ್ ತುಂಬಾ ಬ್ಯುಸಿ ಸಾರ್, ಎಲ್ಲಾ ನಂಗೇ ಬಿಟ್ಟಿದ್ದಾರೆ." ನನ್ನ ಕಿವಿ ನೆಟ್ಟಗಾಗುವುದು ಅಲ್ಲಿಯೇ. ಸ್ವಂತ ಮನೆಗೆ ಯಾರು ಬರುತ್ತಾರೆ ಅಂತ ಎರಡು ನಿಮಿಷ ಮಾತಾಡಲು ಬಿಡುವಿಲ್ಲದ ಮಾಲೀಕರನ್ನು ನಾನು ಇನ್ನೂ ಕಂಡಿಲ್ಲ.

ಇದು ಸುಮ್ನೆ ಅನುಮಾನದ ಮಾತಲ್ಲ. ನಮ್ಮ ಕಡೆ ಬಾಡಿಗೆಯ ಜೊತೆಗೆ ಭೋಗ್ಯವೂ ಇದೆ. ಜನ ಅದನ್ನು ಲೀಸ್ ಅನ್ನುತ್ತಾರೆ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಖಾಲಿ ಮಾಡುವಾಗ ಮೊತ್ತ ವಾಪಸ್. ಮೋಸ ಮಾಡುವವರಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಬ್ರೋಕರ್ ಮಾಲೀಕರ ಹತ್ತಿರ ಹೋಗಿ, "ನಿಮ್ಮ ಮನೆ ನಾನೇ ಬಾಡಿಗೆಗೆ ತಗೋತೀನಿ, ತಿಂಗಳು ತಿಂಗಳು ದುಡ್ಡು ನಿಮ್ಮ ಅಕೌಂಟಿಗೆ ಬೀಳತ್ತೆ, ತಲೆಬಿಸಿ ಬೇಡ" ಅನ್ನುತ್ತಾನೆ. ಅದೇ ಮನೆಯನ್ನು ಬೇರೊಬ್ಬರಿಗೆ ಲಕ್ಷಗಟ್ಟಲೆ ಹಣಕ್ಕೆ ಭೋಗ್ಯಕ್ಕೆ ಹಾಕುತ್ತಾನೆ. ಆ ಮೊತ್ತದಲ್ಲೇ ಸ್ವಲ್ಪ ಸ್ವಲ್ಪ ತೆಗೆದು ಮಾಲೀಕರಿಗೆ ಬಾಡಿಗೆ ಕಟ್ಟುತ್ತಾನೆ. ಬಾಡಿಗೆ ಬರುತ್ತಿದೆ ಅಂತ ಮಾಲೀಕರು ನೆಮ್ಮದಿಯಾಗಿರುತ್ತಾರೆ. ಬಾಡಿಗೆ ಕಟ್ಟುವ ಗೋಜಿಲ್ಲ ಅಂತ ಒಳಗಿರುವವರೂ ನೆಮ್ಮದಿಯಾಗಿರುತ್ತಾರೆ. ಬೆಂಗಳೂರಿನಲ್ಲಿ ಇಂಥ ಪ್ರಕರಣಗಳು ಪೇಪರ್‌ನಲ್ಲಿ ಎಷ್ಟೋ ಸಲ ಬಂದಿವೆ.

ನಮ್ಮ ಊರಿಗೂ ಬಂತು. ಎಸ್.ಎಸ್. ಪುರಂ ಕಡೆಯ ಒಂದು ಮಹಡಿ ಮನೆ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ, ಅವನ ಹೆಂಡತಿ, ಕಂಕುಳಲ್ಲಿ ಮಗು. ಭೋಗ್ಯದ ಪತ್ರದ ಅವಧಿ ಮುಗಿಯುತ್ತಿದೆ, ಹೊಸದು ಬರೆದುಕೊಡಿ ಅಂತ ಬಂದಿದ್ದರು. ಹಳೇ ಪತ್ರ ಬೇರೆ ಎಲ್ಲೋ ಟೈಪ್ ಆಗಿತ್ತು. ಅದರಲ್ಲಿ ಚಕ್ಕುಬಂದಿ, ಅಂದರೆ ಮನೆಯ ನಾಲ್ಕೂ ಕಡೆಯ ಗಡಿ ವಿವರ ಇತ್ತು, ಬಾಗಿಲು ಕಿಟಕಿ ಫ್ಯಾನ್ ಲೆಕ್ಕ ಇತ್ತು, ಮಾಲೀಕರ ಸಹಿ ಮಾತ್ರ ಇರಲಿಲ್ಲ. ಆ ಜಾಗದಲ್ಲಿ "ಮಾಲೀಕರ ಪರವಾಗಿ" ಅಂತ ಬರೆದು ಬ್ರೋಕರ್ ಸಹಿ ಹಾಕಿದ್ದ. ನೋಂದಣಿಯೂ ಆಗಿರಲಿಲ್ಲ. "ಓನರ್ ಮುಖ ನೋಡಿದೀರೇನಮ್ಮ?" ಅಂತ ಕೇಳಿದೆ. "ಇಲ್ಲ ಅಣ್ಣಾ, ಅವರು ಬೆಂಗಳೂರಲ್ಲಿ ಇರೋದಂತೆ" ಅಂದಳು. ಕಂದಾಯ ರಸೀದಿಯ ಹೆಸರು ಹಿಡಿದು ಹುಡುಕಿದರೆ ಮಾಲೀಕರು ಅದೇ ತುಮಕೂರಿನಲ್ಲಿ, ಗಾಂಧಿನಗರದಲ್ಲಿ ಇದ್ದ ನಿವೃತ್ತ ಮೇಷ್ಟ್ರು.

ಮೇಷ್ಟ್ರು ಬಂದರು. ಅವರ ಪಾಸ್‌ಬುಕ್‌ನಲ್ಲಿ ಮೊದಮೊದಲು ತಿಂಗಳು ತಪ್ಪದೆ ಬಾಡಿಗೆ ಬಿದ್ದಿತ್ತು, ಆಮೇಲೆ ನಿಂತಿತ್ತು. ಬ್ರೋಕರ್ ಫೋನ್ ಸ್ವಿಚ್ಡ್ ಆಫ್. ಕೊನೆಗೆ ನನ್ನ ಅಂಗಡಿಯಲ್ಲಿ ಜಗಳ ನಡೆದದ್ದು ಮೇಷ್ಟ್ರಿಗೂ ಆ ಹುಡುಗನಿಗೂ. "ಬಾಡಿಗೆ ಕಟ್ಟದೆ ಕೂತಿದೀಯಲ್ಲಯ್ಯ" ಅಂತ ಇವರು, "ನನ್ನ ಲಕ್ಷಾಂತರ ರೂಪಾಯಿ ಕೊಡಿ, ಇವತ್ತೇ ಖಾಲಿ ಮಾಡ್ತೀನಿ" ಅಂತ ಅವನು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳಿದವನು ಅಲ್ಲಿ ಇರಲೇ ಇಲ್ಲ. ಠಾಣೆಗೆ ದೂರು ಕೊಟ್ಟರು, ಈಗ ಕೋರ್ಟಿಗೆ ಅಲೆಯುತ್ತಿದ್ದಾರೆ.

ಹಾಗಾಗಿ ಏಜೆಂಟ್ ಹೆಸರಿಗೇ ಮನೆ ಬಾಡಿಗೆಗೆ ಕೊಡುವ ಕರಾರನ್ನು ಯಾರಾದರೂ ಮುಂದಿಟ್ಟರೆ, "ಒಳಬಾಡಿಗೆಗೆ ಕೊಡುವ ಹಕ್ಕು ಇರುತ್ತದೆ" ಅನ್ನುವ ಸಾಲು ಇದೆಯಾ ಅಂತ ಮೊದಲು ನೋಡಿ. ಇದ್ದರೆ ಹೊಡೆದು ಹಾಕಿಸಿ. ಆಗ ಅವನಿಗೆ ಆಸಕ್ತಿ ಕಮ್ಮಿಯಾದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ಅರ್ಥ. ಭೋಗ್ಯಕ್ಕೇ ಕೊಡುವುದಾದರೆ ಮಾಲೀಕರೇ ಕೂತು ಸಹಿ ಹಾಕಬೇಕು. ಅವಧಿ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಮನೆ ಕರಾರುಗಳು 11 ತಿಂಗಳಿಗೆ ನಿಲ್ಲುವುದು ಈ ನೋಂದಣಿ ತಪ್ಪಿಸಲಿಕ್ಕೇ, ಅದರಲ್ಲಿ ಗುಟ್ಟೇನಿಲ್ಲ.

ದೂರ ಇರುವವರು ಮಾಡುವ ಇನ್ನೊಂದು ಕೆಲಸ, ಏಜೆಂಟ್‌ಗೆ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಕೊಟ್ಟುಬಿಡುವುದು. ಮನೆ ಬಾಡಿಗೆಗೆ ಹಾಕಲು ಜಿಪಿಎ ಯಾಕೆ ಸ್ವಾಮಿ? ನುಸಿ ಹೊಡೆಯಲು ಕೊಡಲಿ ತಂದ ಹಾಗೆ. ಮಾರುವ, ಅಡ ಇಡುವ ಅಧಿಕಾರವೂ ಅದರಲ್ಲಿ ನುಸುಳಿರುತ್ತದೆ, ಓದದೆ ಸಹಿ ಹಾಕಿರುತ್ತಾರೆ. ಜಿಪಿಎ ಮೇಲೆ ಮಾರಿದ ಮಾತ್ರಕ್ಕೆ ಮಾಲೀಕತ್ವ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ ನಿಜ. ಆದರೆ ಅದನ್ನು ಸಾಧಿಸಲು ನೀವು ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ. ನಾನು ಒಂದು ಪುಟದ ಅಧಿಕಾರ ಪತ್ರ ಬರೆದುಕೊಡುತ್ತೇನೆ. ಮನೆ ತೋರಿಸಬಹುದು, ಬೀಗದ ಕೈ ಇಟ್ಟುಕೊಳ್ಳಬಹುದು, ಸಣ್ಣಪುಟ್ಟ ರಿಪೇರಿ ಇಷ್ಟು ರೂಪಾಯಿವರೆಗೆ ಮಾಡಿಸಿ ಬಿಲ್ ಕೊಡಬಹುದು. ಅಡ್ವಾನ್ಸ್ ಆಗಲಿ ಬಾಡಿಗೆ ಆಗಲಿ ಪಡೆಯುವಂತಿಲ್ಲ, ಕರಾರಿಗೆ ಸಹಿ ಹಾಕುವಂತಿಲ್ಲ. ಯಾವ ತಾರೀಖಿನವರೆಗೆ ಅನ್ನುವುದನ್ನೂ ಹಾಕುತ್ತೇನೆ. ಇದನ್ನು ಓದಿ "ಸರಿ ಬಿಡಿ" ಅಂತ ಒಪ್ಪುವ ಬ್ರೋಕರ್‌ಗಳು ಇದ್ದಾರೆ. ವರ್ಷಾನುಗಟ್ಟಲೆ ಅದೇ ಮನೆಗಳನ್ನು ನೋಡಿಕೊಂಡು ಬಂದವರು ಅವರೇ.

ಅಡ್ವಾನ್ಸ್ ನೇರವಾಗಿ ಮಾಲೀಕರ ಖಾತೆಗೆ ಹೋಗಬೇಕು. ಟೋಕನ್ ಅಂತ ಸಾವಿರ ಎರಡು ಸಾವಿರ ಕೊಟ್ಟರೂ ಅಷ್ಟೇ. "ಕ್ಯಾಶ್ ಕೊಡಿ, ಸಂಜೆ ಅವರಿಗೆ ಮುಟ್ಟಿಸ್ತೀನಿ" ಅನ್ನುವ ಸಂಜೆ ಬಹಳ ಉದ್ದ ಇರುತ್ತದೆ.

ಲೈಸೆನ್ಸ್ ವಿಷಯ ಜನ ತುಂಬಾ ಕೇಳುತ್ತಾರೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ನಂಬರ್ ಇದೆ ಅಂತ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಂಡವರಿದ್ದಾರೆ. 2016ರ ಆ ಕಾಯ್ದೆಯ ಪ್ರಕಾರ ಏಜೆಂಟ್ ನೋಂದಣಿ ಬೇಕಾಗುವುದು ಬಡಾವಣೆ, ಅಪಾರ್ಟ್‌ಮೆಂಟ್ ಯೋಜನೆಗಳಲ್ಲಿ ಸೈಟು, ಫ್ಲ್ಯಾಟ್ ಮಾರಿಸಲು. ಬಾಡಿಗೆ ಮನೆ ತೋರಿಸುವುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಸೈಟು ಕೊಳ್ಳಲು ಮಾರಲು ಹೊರಟವರು ಮಾತ್ರ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ತಪ್ಪದೆ ನೋಡಿ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತಲ್ಲ, ಆ ಹೆಸರು ಹೇಳಿಕೊಂಡು ಸೈಟು ತೋರಿಸುವವರು ಈಗಲೂ ಸಿಗುತ್ತಾರೆ. ಇನ್ನು ಬಾಡಿಗೆ ಮಧ್ಯವರ್ತಿಗಳು ನೋಂದಣಿ ಮಾಡಿಸಿಕೊಳ್ಳಬೇಕು ಅಂತ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲೂ ಇದೆ. ಆ ನೋಂದಣಿ ಪತ್ರವನ್ನು ತಾನಾಗಿ ತೆಗೆದು ತೋರಿಸಿದವನು ನನ್ನ ಟೇಬಲ್‌ಗಂತೂ ಬಂದಿಲ್ಲ. ನೀವು ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಕಮಿಷನ್ ನಮ್ಮಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ, ಚೌಕಾಸಿ ಮಾಡಿದರೆ ಕಮ್ಮಿ. ಎರಡೂ ಕಡೆ ತೆಗೆದುಕೊಳ್ಳುವುದೂ ಉಂಟು. ಅದನ್ನು ಮುಚ್ಚಿಡದಿದ್ದರೆ ನನ್ನ ತಕರಾರಿಲ್ಲ, ಓಡಾಡಿದವನಿಗೆ ಪೆಟ್ರೋಲ್ ಖರ್ಚಾದರೂ ಹುಟ್ಟಬೇಕಲ್ವಾ. ತಕರಾರಿರುವುದು ಹತ್ತನೇ ತಿಂಗಳಿನ ಆಟದ ಬಗ್ಗೆ. ಕರಾರು ಮುಗಿಯಲು ಸ್ವಲ್ಪ ದಿನ ಇರುವಾಗ ಕೆಲವರು ಬಾಡಿಗೆದಾರರಿಗೆ ಫೋನ್ ಮಾಡಿ "ಬಟವಾಡಿಯಲ್ಲಿ ಇದಕ್ಕಿಂತ ಒಳ್ಳೇ ಮನೆ ಇದೆ" ಅನ್ನುತ್ತಾರೆ. ಮಾಲೀಕರಿಗೆ ಫೋನ್ ಮಾಡಿ "ಎರಡು ಸಾವಿರ ಜಾಸ್ತಿ ಕೊಡೋ ಪಾರ್ಟಿ ಇದೆ" ಅನ್ನುತ್ತಾರೆ. ಎರಡೂ ಕಡೆ ಹೊಸ ಕಮಿಷನ್. ಮಾಲೀಕರಿಗೆ ಸಿಗುವುದು ಸುಣ್ಣ ಬಣ್ಣದ ಖರ್ಚು, ಒಂದೆರಡು ತಿಂಗಳು ಖಾಲಿ ಮನೆ. ಆದ್ದರಿಂದ ಏಜೆಂಟನ್ನು ಗೊತ್ತುಮಾಡುವ ಮೊದಲು, "ನೀವು ಹಾಕಿದ ಬಾಡಿಗೆದಾರರು ಒಂದೇ ಮನೆಯಲ್ಲಿ ಎಷ್ಟು ವರ್ಷ ಇದ್ದಾರೆ?" ಅಂತ ಕೇಳಿ. ಆ ಮನೆಯ ಮಾಲೀಕರ ನಂಬರ್ ಇಸ್ಕೊಂಡು ಮಾತಾಡಿ. ಜಾಸ್ತಿ ಬಾಡಿಗೆ ಕೊಡಿಸ್ತೀನಿ ಅನ್ನುವವನಿಗಿಂತ, "ಈ ರಸ್ತೆಯಲ್ಲಿ ಅಷ್ಟು ಬರಲ್ಲ ಸಾರ್, ನೀರು ದಿನಾ ಬಿಡಲ್ಲ" ಅಂತ ಮುಖಕ್ಕೆ ಹೇಳುವವನು ಮೇಲು.

ಕಮಿಷನ್ ಕೊಡುವ ಹೊತ್ತು ಬೀಗದ ಕೈ ಬಾಡಿಗೆದಾರರ ಕೈ ಸೇರಿದ ಮೇಲೆ. ಅದಕ್ಕೂ ಮುಂಚೆ ಒಂದು ಕೆಲಸ ಏಜೆಂಟ್ ಕೈಯಲ್ಲೇ ಮಾಡಿಸಿ. ಬೆಸ್ಕಾಂ ಮೀಟರಿನ ರೀಡಿಂಗ್ ಫೋಟೋ ತೆಗೆಸಿ, ಹಿಂದಿನ ಬಾಡಿಗೆದಾರರ ಆಧಾರ್ ಗೃಹಜ್ಯೋತಿ ಉಚಿತ ಕರೆಂಟ್ ಯೋಜನೆಯಲ್ಲಿ ನಿಮ್ಮ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಸಂಪರ್ಕದ ನಂಬರ್) ಇನ್ನೂ ಜೋಡಣೆ ಆಗಿದೆಯಾ ಅಂತ ವಿಚಾರಿಸಲು ಹೇಳಿ. ಆಗಿದ್ದರೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಡಿ-ಲಿಂಕ್ ಮಾಡಿಸಬೇಕು, ಇಲ್ಲದಿದ್ದರೆ ಹೊಸಬರಿಗೆ ಅವರ ಹೆಸರಲ್ಲಿ ಯೋಜನೆ ಸಿಗುವುದಿಲ್ಲ, ಹಳಬರಿಗೂ ಅವರ ಹೊಸ ಮನೆಯಲ್ಲಿ ಸಿಗುವುದಿಲ್ಲ. ದುಡ್ಡು ಬರದ ಈ ಕೆಲಸವನ್ನು ಗೊಣಗದೆ ಮಾಡಿಕೊಟ್ಟವನ ನಂಬರನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.