ಇಲ್ಲದ ಹಕ್ಕಿಗೊಂದು ಬಿಡುಗಡೆ ಪತ್ರ

“ನನಗೆ ಈ ಮನೆಯಲ್ಲಿ ಹಕ್ಕೇ ಇಲ್ಲ ಎನ್ನುವುದಾದರೆ, ಈ ಕಾಗದದಲ್ಲಿ ನಾನು ಬಿಟ್ಟುಕೊಡುತ್ತಿರುವುದಾದರೂ ಏನನ್ನು?”

ಸೋಮವಾರ ಅತ್ತೆ, ಅಂದರೆ ಅಪ್ಪನ ತಂಗಿ, ಕೇಳಿದ ಈ ಪ್ರಶ್ನೆ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಅಜ್ಜ ಬಿಟ್ಟುಹೋದ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಲು ಅಪ್ಪ ಸಾಲಕ್ಕೆ ಅರ್ಜಿ ಹಾಕಿದ್ದರು. ಕಾಗದಪತ್ರಗಳನ್ನು ಪರಿಶೀಲಿಸಿದ ಬ್ಯಾಂಕಿನ ವಕೀಲರು, ವಂಶವೃಕ್ಷದಲ್ಲಿರುವ ಉಳಿದವರಿಂದ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಂಡು ಬನ್ನಿ ಎಂದರು. ಚಿಕ್ಕಪ್ಪ ಒಪ್ಪಿದರು. ಅತ್ತೆಯ ಬಳಿಗೆ ನನ್ನನ್ನು ಕಳುಹಿಸಿದರು; ನಾನು ಕೇಳಿದರೆ ಅವರು ಇಲ್ಲವೆನ್ನಲಾರರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪತ್ರ ಬರಹಗಾರರು ಸಹಿ ಬೀಳಬೇಕಾದ ಜಾಗಗಳಲ್ಲೆಲ್ಲ ಪೆನ್ಸಿಲ್ಲಿನಿಂದ ಸಣ್ಣ ಗುಣಾಕಾರದ ಗುರುತು ಹಾಕಿ ಕೊಟ್ಟಿದ್ದರು. ನಾನು ಹಾಳೆಗಳನ್ನು ತಿರುವಿ ಆ ಗುರುತುಗಳನ್ನಷ್ಟೇ ತೋರಿಸುತ್ತ, “ಮದುವೆಯಾಗಿ ಹೋದವರಿಗೆ ಆಗಿನ ಕಾನೂನಿನಲ್ಲಿ ಹಕ್ಕಿರಲಿಲ್ಲವಂತೆ ಅತ್ತೆ, ಬ್ಯಾಂಕಿನವರು ಕೇಳುತ್ತಾರೆಂದು ಅಷ್ಟೇ” ಎಂದೆ. ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು, ಸಾಲುಗಳ ಕೆಳಗೆ ಬೆರಳಿಟ್ಟು, ಮೊದಲ ಪುಟದಿಂದ ಓದತೊಡಗಿದರು. “ನನಗಿರುವ ಸಮಸ್ತ ಹಕ್ಕು ಮತ್ತು ಭಾಗವನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ” ಎಂಬಲ್ಲಿ ಬೆರಳು ನಿಂತಿತು. ಆಮೇಲೆ ಆ ಪ್ರಶ್ನೆ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಕಾಗದವನ್ನು ಮಡಿಸಿಕೊಂಡು ಬಂದೆ.

ಮನೆಯಲ್ಲಿ ಇದನ್ನು ಹೇಳಿದಾಗ ಮೊದಲು ರೇಗಿದವರು ಚಿಕ್ಕಪ್ಪ. ಈ ಮನೆಗೆ ಒಂದು ಹಂಚನ್ನೂ ಹೊದಿಸದ, ಅಜ್ಜಿ ಹಾಸಿಗೆ ಹಿಡಿದ ದಿನಗಳಲ್ಲಿ ಎರಡು ಸಲ ಬಂದುಹೋದ ಚಿಕ್ಕಪ್ಪನೇ ಎಲ್ಲರಿಗಿಂತ ಜೋರಾಗಿ ಮಾತನಾಡಿದ್ದು ನನಗೆ ಇಂದಿಗೂ ಸರಿಯೆನಿಸಿಲ್ಲ. “ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರಲ್ಲಿ, ಅಪ್ಪ ತೀರಿಕೊಂಡದ್ದು 1987ರಲ್ಲಿ. ಮೇಲಾಗಿ ಖಾತೆ ಅಣ್ಣನ ಹೆಸರಿನಲ್ಲಿದೆ, ಹನ್ನೆರಡು ವರ್ಷ ವಾಸವಿದ್ದರೆ ಮನೆ ಅವರದೇ, ಅದೂ ಎಂದೋ ದಾಟಿದೆ. ಇನ್ನೇನು ಕೇಳುವುದಿದೆ?” ಎಂದರು. ಅತ್ತೆಗೆ ಆಸೆ ಹುಟ್ಟಿದೆ ಎಂದೂ ಸೇರಿಸಿದರು. ಅತ್ತೆ ಕೇಳಿದ್ದು ಒಂದು ವಾಕ್ಯದ ಅರ್ಥವನ್ನು. ಅದು ನಮ್ಮ ಮನೆಯ ಬಾಗಿಲು ದಾಟುವಷ್ಟರಲ್ಲಿ ಆಸೆಯಾಗಿ ಹೋಗಿತ್ತು.

ಬುಧವಾರ ನಾನೇ ಕಾಗದಗಳನ್ನೆಲ್ಲ ಹಿಡಿದು ಪರಿಚಯದ ವಕೀಲರೊಬ್ಬರನ್ನು ಕಂಡೆ. ಅವರು ಮೊದಲು ಕೇಳಿದ್ದು, ಇದು ಅಜ್ಜನಿಗೆ ಪಿತ್ರಾರ್ಜಿತವಾಗಿ ಬಂದದ್ದೇ, ಸ್ವಯಾರ್ಜಿತವೇ ಎಂದು. ಅಜ್ಜ ತಮ್ಮ ಸಂಬಳದ ಹಣದಲ್ಲಿ ಕೊಂಡ ಮನೆ, ಕ್ರಯಪತ್ರ ಅವರ ಹೆಸರಿನಲ್ಲೇ ಇದೆ, ಉಯಿಲು ಬರೆದಿಟ್ಟಿಲ್ಲ. ಹಾಗಾದರೆ 2005ರ ಕಾನೂನು ತಿದ್ದುಪಡಿಯ ಮಾತೇ ಇಲ್ಲಿಗೆ ಬರುವುದಿಲ್ಲ ಎಂದರು. ಆ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟದ್ದು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ. ತಂದೆ ಉಯಿಲಿಲ್ಲದೆ ಬಿಟ್ಟುಹೋದ ಸ್ವಯಾರ್ಜಿತದಲ್ಲಿ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂಬುದನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8 ಮತ್ತು 10ನೇ ಕಲಮುಗಳು ಆಗಲೇ ಹೇಳಿದ್ದವು. ಮದುವೆಯಾಗಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅಜ್ಜ ಕಣ್ಣು ಮುಚ್ಚಿದ ದಿನವೇ ಅತ್ತೆಗೆ ನಾಲ್ಕರಲ್ಲೊಂದು ಪಾಲು ಬಂದಿತ್ತು. ಉಯಿಲು ಬರೆಯದೆ ಅಜ್ಜಿಯೂ ತೀರಿಕೊಂಡ ಮೇಲೆ ಅವರ ಪಾಲು ಮೂವರಿಗೆ ಹಂಚಿಹೋಗಿ ಅದು ಮೂರರಲ್ಲೊಂದಾಗಿತ್ತು. ಖಾತೆ ಎಂಬುದು ತೆರಿಗೆ ಯಾರಿಂದ ವಸೂಲಿ ಮಾಡಬೇಕೆಂದು ಬರೆದಿಡುವ ಲೆಕ್ಕವೇ ಹೊರತು ಒಡೆತನದ ದಾಖಲೆಯಲ್ಲ. ಹನ್ನೆರಡು ವರ್ಷದ ಮಾತೂ ನಿಲ್ಲುವುದಿಲ್ಲ: ಜಂಟಿ ಒಡೆಯರಲ್ಲಿ ಒಬ್ಬರು ಮನೆಯಲ್ಲಿದ್ದರೆ ಉಳಿದವರ ಪರವಾಗಿಯೂ ಇದ್ದಂತೆ, ನಿಮಗೆ ಇಲ್ಲಿ ಹಕ್ಕಿಲ್ಲ ಎಂದು ಬಹಿರಂಗವಾಗಿ ಅವರನ್ನು ಹೊರಗಿಟ್ಟ ಹೊರತು ಬರೀ ವಾಸದಿಂದ ಮನೆ ತನ್ನದಾಗುವುದಿಲ್ಲ.

ಇಷ್ಟಕ್ಕಿಂತಲೂ ನನ್ನನ್ನು ಕಲಕಿದ್ದು ಅವರು ಎದ್ದು ನಿಂತು ಹೇಳಿದ ಮಾತು. ಅದೇ ಕಾಯ್ದೆಯಲ್ಲಿ 23ನೇ ಕಲಮು ಎಂದೊಂದಿತ್ತಂತೆ. ಮನೆಯವರೇ ವಾಸವಿರುವ ಮನೆಯಲ್ಲಿ ಹೆಣ್ಣುಮಗಳಿಗೆ ಪಾಲಿದ್ದರೂ, ಗಂಡು ವಾರಸುದಾರರು ತಾವಾಗಿ ಹಂಚಿಕೊಳ್ಳಲು ಮನಸ್ಸು ಮಾಡುವವರೆಗೆ ಅವಳು ವಿಭಾಗ ಕೇಳುವಂತಿರಲಿಲ್ಲ. ಅದನ್ನು ತೆಗೆದುಹಾಕಿದ್ದು 2005ರ ತಿದ್ದುಪಡಿ. ಅಂದರೆ 1987ರಿಂದ ಹದಿನೆಂಟು ವರ್ಷ ಅತ್ತೆಯ ಹಕ್ಕು ಇತ್ತು, ಆದರೆ ಅದನ್ನು ಕೇಳುವ ದಾರಿ ಮುಚ್ಚಿತ್ತು. “ಇಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ?” ಎಂದು ನಮ್ಮ ಮನೆಯಲ್ಲಿ ಅಂದು ಎಷ್ಟು ಬಾರಿ ಹೇಳಿದರೋ, ಅಷ್ಟೂ ಬಾರಿ ನಾನು ತಲೆಯಾಡಿಸಿದ್ದೆ. ನಾನೂ ಒಬ್ಬ ಮಗಳು. ನನ್ನ ಅಣ್ಣನ ಮಗಳು ಮುಂದೊಂದು ದಿನ ಇಂಥದೇ ಕಾಗದ ಹಿಡಿದು ನನ್ನ ಮುಂದೆ ಬಂದು ಕುಳಿತುಕೊಳ್ಳಬಹುದು ಎಂಬುದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ಅಪ್ಪನ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಅಂದು ರಾತ್ರಿ ಅವರು ಬೀರುವಿನಿಂದ ತೆರಿಗೆ ರಸೀದಿಗಳ ಕಟ್ಟನ್ನು ತೆಗೆದು ನನ್ನ ಮುಂದಿಟ್ಟರು. ವರ್ಷಕ್ಕೊಂದರಂತೆ ಜೋಡಿಸಿ ದಾರದಲ್ಲಿ ಕಟ್ಟಿದ್ದವು; ಕೆಳಗಿನವು ಹಳದಿಯಾಗಿ ಅಂಚು ಉದುರುತ್ತಿದ್ದವು. ಸೋರುವ ಸೂರನ್ನು ಮೂರು ಸಲ ಬದಲಿಸಿದವರು, ಅಜ್ಜಿಯನ್ನು ಕೊನೆಯವರೆಗೆ ನೋಡಿಕೊಂಡವರು ಅವರು. ಆ ದುಡಿಮೆಗೆ ಬೆಲೆಯಿಲ್ಲವೆಂದು ನಾನು ಹೇಳಲಾರೆ, ಅತ್ತೆಯೂ ಎಂದೂ ಹೇಳಿದವರಲ್ಲ. ಆದರೆ ಇದನ್ನೆಲ್ಲ ತಂಗಿಯ ಮುಂದೆ ಕುಳಿತು ಹೇಳಿ, “ನಿನ್ನ ಪಾಲನ್ನು ನನಗೆ ಬಿಟ್ಟುಕೊಡುತ್ತೀಯಾ?” ಎಂದು ಕೇಳಬಹುದಿತ್ತು. ಹಾಗೆ ಕೇಳಬೇಕಾದರೆ ಅವಳಿಗೊಂದು ಪಾಲಿದೆ ಎಂದು ಮೊದಲು ಒಪ್ಪಬೇಕು. ನಾವು ಅದನ್ನು ತಪ್ಪಿಸಿಕೊಳ್ಳಲೆಂದೇ ಪೆನ್ಸಿಲ್ ಗುರುತು ಹಾಕಿಸಿಕೊಂಡು ಹೋಗಿದ್ದೆವು.

ನಿನ್ನೆ ಮತ್ತೆ ಅತ್ತೆಯ ಮನೆಗೆ ಹೋದೆ. ಹೋಗುವಾಗ ಅಪ್ಪ ಬೇಡವೆನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾನು ಸೋಮವಾರ ಹೇಳಿದ್ದು ತಪ್ಪು, ನಿಮಗೆ ಮೂರರಲ್ಲೊಂದು ಪಾಲಿದೆ ಎಂದು ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಕೊನೆಗೆ, “ಅಣ್ಣನಿಗೆ ಇದು ಗೊತ್ತಿತ್ತೇ?” ಎಂದು ಕೇಳಿದರು. ಇರಲಿಲ್ಲವೆಂದೇ ಅಂದುಕೊಂಡಿದ್ದೇನೆ ಎಂದೆ.

“ಕಾಗದ ಇಲ್ಲೇ ಇರಲಿ, ನೋಡುತ್ತೇನೆ” ಎಂದರು. ಕೊಡುವ ಮುನ್ನ ಪುಟಪುಟದ ಪೆನ್ಸಿಲ್ ಗುರುತನ್ನೂ ರಬ್ಬರಿನಿಂದ ಅಳಿಸಿದೆ.